ಬೇಜಾರ ಮಾಡ್ಬೇಡಿ

ಸುಳ್ಯದ ಕಡೆ ಒಂದು ಮಾತುಂಟು. ಬಸ್ಸಿನಲ್ಲಿ ಕಾಲು ತುಳಿದವನು ಅದನ್ನೇ ಹೇಳುತ್ತಾನೆ, ಮದುವೆಗೆ ಕರೆಯಲು ಮರೆತವನೂ ಅದನ್ನೇ ಹೇಳುತ್ತಾನೆ, ನಾಲ್ಕು ಜನರೆದುರು ನಿಮ್ಮ ಮುಖಕ್ಕೆ ಮಸಿ ಬಳಿದವನೂ ಅದನ್ನೇ ಹೇಳಿ ಮನೆಗೆ ಹೋಗಿ ಗಂಜಿ ಉಣ್ಣುತ್ತಾನೆ: "ಬೇಜಾರ ಮಾಡ್ಬೇಡಿ." ತುಳಿದದ್ದು ಅವನು. ಆದರೆ ಬೇಜಾರ ಮಾಡುವವರು ನೀವು, ಅದನ್ನು ಮಾಡದೆ ಇರಬೇಕಾದ ಜವಾಬ್ದಾರಿಯೂ ನಿಮ್ಮದೇ! ಎಂಥ ಅನುಕೂಲದ ಮಾತು ನೋಡಿ. ಶೀಲಾವತಿ ಐವತ್ತನಾಲ್ಕು ವರ್ಷ ಇದನ್ನು ಕೇಳಿದ್ದಳು, ಹೇಳಿದ್ದಳು, ಒಂದು ದಿನವೂ ಇದರ ಬಗ್ಗೆ ತಲೆ ಕೆಡಿಸಿಕೊಂಡವಳಲ್ಲ. ಆ ಬುಧವಾರ ಬೆಳಿಗ್ಗೆ ಮಾತ್ರ ಅದು ಕಿವಿಗೆ ಬಿದ್ದದ್ದೇ ಮೈಯೆಲ್ಲ ಉರಿದುಹೋಯಿತು.

ಅಜ್ಜಾವರದಿಂದ ಒಳಗೆ ಎರಡು ಮೈಲಿ ಹೋದರೆ ಕೊಳಂಜಿಬೈಲು. ಅಲ್ಲಿನ ಹಾಲಿನ ಸೊಸೈಟಿಗೆ ದೀಪಾವಳಿ ಕಳೆದ ಮೇಲೆ ಒಂದು ಹೊಸ ಮೆಷಿನ್ ಬಂದಿತ್ತು. ಲೋಟದಲ್ಲಿ ಹಾಲು ಹಿಡಿದು ಅದರ ಪೈಪನ್ನು ಅದ್ದಿದರೆ ಸಾಕು, ಒಂದು ನಿಮಿಷದೊಳಗೆ ಕೊಬ್ಬು ಎಷ್ಟು, ಸೇರಿಸಿದ ನೀರು ಎಷ್ಟು ಎಂದು ಕೆಂಪು ಅಂಕಿಯಲ್ಲಿ ತೋರಿಸುತ್ತದೆ. ನೀರು ನೂರಕ್ಕೆ ಐದಕ್ಕಿಂತ ಮೇಲೆ ಬಂದರೆ ಹಾಲು ವಾಪಸ್. ಮೆಷಿನ್ ನೋಡಿಕೊಳ್ಳುವವಳು ಸುಪ್ರಿತಾ. ಬಿ.ಕಾಂ. ಓದಿದ ಚುರುಕು ಹೆಂಗಸು, ಬಲು ಚೊಕ್ಕಟ. ಅವಳ ಮೇಜಿನ ಮೇಲೆ ಒಂದು ನೊಣ ಕೂರಬೇಕಾದರೂ ಅವಳನ್ನು ಕೇಳಿಯೇ ಕೂರಬೇಕು.

ಆ ಬುಧವಾರ ಸಾಲಿನಲ್ಲಿ ಮೊದಲು ನಿಂತವಳು ಶೀಲಾವತಿ. ಹಿಂದೆ ಹದಿನೆಂಟು ಜನ.

"ಶೀಲಕ್ಕ, ಏಳು ಬಂತು," ಎಂದಳು ಸುಪ್ರಿತಾ.

"ಎಂತ ಏಳು?"

"ನೀರು."

ಸ್ವರ ತಗ್ಗಿಸಿ ಹೇಳಬಹುದಿತ್ತಲ್ಲ? ಇಲ್ಲ. ಸಾಲಿನ ಕೊನೆಯವರೆಗೂ ಕೇಳಿತು. ಹಿಂದಿನಿಂದ ಯಾರೋ ಒಬ್ಬ, "ಬಾವಿಯನ್ನೂ ಕರೀತೀರಾ ಶೀಲಕ್ಕ? ಹೊತ್ತಿಗೆ ಎಷ್ಟು ಲೀಟರ್ ಕೊಡ್ತದೆ?" ಎಂದ. ಇಡೀ ಸಾಲು ಹೋ ಎಂದು ನಕ್ಕಿತು.

ಶೀಲಾವತಿಯ ಕಿವಿ ಬಿಸಿಯಾಯಿತು. "ನನ್ನ ಹಾಲಿಗೆ ನೀರಾ? ಮೂವತ್ತು ವರ್ಷದಿಂದ ಹಾಲು ಹಾಕ್ತಾ ಇದ್ದೇನೆ. ಬಾಯಿಗೆ ಬಂದದ್ದು ಹೇಳ್ಬೇಡ ಸುಪ್ರಿತಾ!"

ಸೆಕ್ರೆಟರಿ ಜಯಪ್ರಕಾಶ ಒಳಗಿನಿಂದ ಬಂದ. ಯಾರೊಂದಿಗೂ ಜಗಳ ಬೇಡ, ಎಲ್ಲರೊಂದಿಗೂ ನಗು ಎನ್ನುವ ಜಾತಿಯ ಮನುಷ್ಯ. ಕ್ಯಾನಿನ ಮುಚ್ಚಳ ತಾನೇ ಹಾಕಿ ಅವಳ ಕೈಗೆ ಕೊಟ್ಟು, "ನಿಯಮ ಎಲ್ಲರಿಗೂ ಒಂದೇ ಅಲ್ವಾ ಶೀಲಕ್ಕ? ಬೇಜಾರ ಮಾಡ್ಬೇಡಿ," ಎಂದ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಸಾಲಿನ ಮೊದಲ ಜಾಗ ಶೀಲಾವತಿಯದ್ದಾಗಿರಲಿಲ್ಲ. ಅದು ಡೊಂಬಯ್ಯನವರದ್ದು. ಎಪ್ಪತ್ತರ ಮುದುಕ, ಒಂದೇ ದನ, ನಾಲ್ಕು ಲೀಟರ್ ಹಾಲು. ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮೆಷಿನ್ ಬಂದ ಮೊದಲ ದಿನವೇ ಅವರ ಹಾಲಿಗೆ ನೀರು ಬಂತು, ಎರಡನೆಯ ದಿನವೂ ಬಂತು. ಮೂರನೆಯ ದಿನದಿಂದ ಅವರೇ ಬರಲಿಲ್ಲ. ಅದೇ ದಿನದಿಂದ ಒಂದು ವಾರ ಸುಪ್ರಿತಾ ತಂಗಿಯ ಮದುವೆಗೆಂದು ರಜೆ ಹಾಕಿದಳು, ಜಯಪ್ರಕಾಶನೇ ಮೆಷಿನ್ ನೋಡಿಕೊಂಡ, ಯಾರ ಹಾಲಿಗೂ ಏನೂ ಬರಲಿಲ್ಲ. ಕಳ್ಳ ಹೋದ, ನೀರೂ ಹೋಯಿತು ಎಂದು ಎಲ್ಲರೂ ಅಂದುಕೊಂಡರು. ಶೀಲಾವತಿಯೂ ಅಂದುಕೊಂಡಳು, ಮೊದಲ ಜಾಗ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಪಟ್ಟಳು. ಸುಪ್ರಿತಾ ಮದುವೆ ಮುಗಿಸಿ ಕೆಲಸಕ್ಕೆ ಬಂದದ್ದು ಈ ಬುಧವಾರ.

ಕ್ಯಾನನ್ನು ಜಗಲಿಯ ಮೇಲೆ ದಬ್ ಎಂದು ಇಟ್ಟಾಗ ಗಂಡ ಬೆಳ್ಯಪ್ಪ ಪೇಪರಿನಿಂದ ತಲೆ ಎತ್ತಿದ. ಎಲ್ಲವನ್ನೂ ಕೇಳಿ, ಕನ್ನಡಕ ಒರೆಸಿಕೊಂಡು, "ಬಿಡು ಮಾರಾಯ್ತಿ. ಮೆಷಿನ್‌ಗೆ ಎಂತ ಗೊತ್ತುಂಟು. ನೀನು ಬೇಜಾರ ಮಾಡ್ಬೇಡ," ಎಂದ.

"ನೀವೂ ಅದನ್ನೇ ಹೇಳಿ! ಬೇಜಾರ ನಾನು ಮಾಡುದಾ? ಹದಿನೆಂಟು ಜನರ ಎದುರು ನನ್ನನ್ನು ಕಳ್ಳಿ ಅಂತ ಹೇಳಿದ್ದು ಅವರು. ಮಾಡ್ಬೇಡ ಅಂತ ಹೇಳಿಸಿಕೊಳ್ಳುದು ನಾನು!"

ಬೆಳ್ಯಪ್ಪ ಪೇಪರಿನ ಹಿಂದೆ ಹೋದ. ಅವನಿಗೂ ಅವಳ ಸಿಟ್ಟಿಗೂ ಮೂವತ್ತಮೂರು ವರ್ಷದ ಪರಿಚಯ.

ಗುರುವಾರ ಆರು ಬಂತು. ಮತ್ತೆ ವಾಪಸ್. ಆ ದಿನ ಮಧ್ಯಾಹ್ನ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಜಯಪ್ರಕಾಶ ಒಂದು ಮೆಸೇಜ್ ಹಾಕಿದ: 'ಕೆಲವು ಸದಸ್ಯರ ಹಾಲಿನಲ್ಲಿ ನೀರಿನ ಅಂಶ ಕಂಡುಬರುತ್ತಿದೆ. ದಯವಿಟ್ಟು ಸಹಕರಿಸಿ. ಯಾರೂ ಬೇಜಾರು ಮಾಡಬಾರದಾಗಿ ವಿನಂತಿ.' ಕೆಳಗೆ ಎರಡು ಕೈ ಮುಗಿದ ಚಿತ್ರ. ಕೆಲವು ಸದಸ್ಯರಂತೆ! ಊರಲ್ಲಿ ಯಾರೆಂದು ಗೊತ್ತಿಲ್ಲದ ಒಂದು ನಾಯಿಯೂ ಇರಲಿಲ್ಲ. ಸಂಜೆ ಕಲ್ಲುಗುಂಡಿಯಿಂದ ಮಗಳು ಊರ್ಮಿಳಾ ಫೋನ್ ಮಾಡಿದಳು.

"ಅಮ್ಮ, ಎಂತ ಅದು ಹಾಲಿನ ವಿಷಯ? ಅತ್ತೆ ಕೇಳಿದ್ರು."

"ನಿನ್ನ ಅತ್ತೆಗೆ ಯಾರು ಹೇಳಿದ್ದು?"

"ಯಾರೋ ಹೇಳಿದ್ರಂತೆ. ನೀನು ಹಾಗೆಲ್ಲ ಮಾಡುದಿಲ್ಲ ಅಂತ ನನಗೆ ಗೊತ್ತುಂಟಮ್ಮ. ಆದ್ರೂ..."

ಆ 'ಆದ್ರೂ' ಶೀಲಾವತಿಯ ಎದೆಗೆ ನೇರವಾಗಿ ನಾಟಿತು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಬಾಯಲ್ಲಿ 'ಆದ್ರೂ' ಬಂತೆಂದರೆ ಇನ್ನು ಉಳಿದದ್ದೇನು? ಬೀಗರ ಮನೆಗೆ ಇನ್ನು ಯಾವ ಮುಖ ಇಟ್ಟುಕೊಂಡು ಹೋಗುವುದು? ಅವಳು ಫೋನ್ ಇಟ್ಟವಳೇ ಹಟ್ಟಿಗೆ ಹೋಗಿ ಬೊಳ್ಳಿಯ ಎದುರು ನಿಂತಳು. ಬೊಳ್ಳಿ ಅವಳ ಬಿಳಿ ದನ. "ನಾಳೆ ನೀನೇ ಬಂದು ಸಾಕ್ಷಿ ಹೇಳು," ಎಂದಳು.

ಶುಕ್ರವಾರ ಬೆಳಿಗ್ಗೆ ಕೊಳಂಜಿಬೈಲಿನ ಜನ ಹಿಂದೆಂದೂ ಕಾಣದ ಮೆರವಣಿಗೆಯನ್ನು ಕಂಡರು. ಮುಂದೆ ಶೀಲಾವತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಖಾಲಿ ಕ್ಯಾನ್. ಹಿಂದೆ ಬೊಳ್ಳಿ, ಡಾಂಬರು ರಸ್ತೆ ಕಂಡರಿಯದ್ದು, ಪ್ರತಿ ಆಟೋ ರಿಕ್ಷಾಕ್ಕೂ ಬೆಚ್ಚುತ್ತಾ. ಅದರ ಹಿಂದೆ ಕರುವನ್ನು ಎಳೆದುಕೊಂಡು ಬೆಳ್ಯಪ್ಪ, ತಲೆಯ ಮೇಲೆ ಹಿಂಡಿಯ ಬುಟ್ಟಿ, ಭೂಮಿ ಬಾಯ್ಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದೆ ಎನ್ನುವ ಮುಖ.

"ಇದೆಂತದು ಶೀಲಕ್ಕ?" ಜಯಪ್ರಕಾಶ ಓಡಿಬಂದ.

"ಹಟ್ಟಿಯಲ್ಲಿ ಕರೆದು ತಂದ್ರೆ ನೀರಾಗ್ತದಲ್ಲ, ಅದಕ್ಕೆ ಹಟ್ಟಿಯನ್ನೇ ತಂದಿದ್ದೇನೆ. ಹಿಡೀರಿ ಈ ಕ್ಯಾನ್. ಕವುಚಿ ಎಲ್ಲರಿಗೂ ತೋರಿಸಿ. ಒಂದು ತೊಟ್ಟು ನೀರುಂಟಾ? ಜೋರಾಗಿ ಹೇಳಿ!"

"ಇಲ್ಲ."

"ಹಿಂದಿನವರಿಗೆ ಕೇಳ್ಲಿಲ್ಲ."

"ಇಲ್ಲ ಮಾರಾಯ್ರೆ, ಇಲ್ಲ!"

ಸೊಸೈಟಿಯ ಅಂಗಳದ ಕಂಬಕ್ಕೆ ಬೊಳ್ಳಿಯನ್ನು ಕಟ್ಟಿ ಅವಳು ಕುಕ್ಕರುಗಾಲಲ್ಲಿ ಕೂತಳು. ಬೊಳ್ಳಿಗೆ ಹೊಸ ಜಾಗ, ಇಷ್ಟೊಂದು ಜನ, ಹಾಲು ಇಳಿಸಲಿಲ್ಲ. ಎರಡು ನಿಮಿಷ, ಮೂರು ನಿಮಿಷ. ಯಾರೋ ಕಿಸಕ್ಕೆಂದರು. "ನಗಿ, ನಗಿ," ಎಂದಳು ತಲೆ ಎತ್ತದೆ, "ನಿಮ್ಮನ್ನು ಹೀಗೆ ನಡುರಸ್ತೆಯಲ್ಲಿ ಕಟ್ಟಿ ಹಾಕಿದ್ರೆ ನೀವೂ ಇಳಿಸುದಿಲ್ಲ." ಬೆಳ್ಯಪ್ಪ ಕರುವನ್ನು ಬಿಟ್ಟ, ಹಿಂಡಿ ಮುಂದಿಟ್ಟ. ಕರು ನಾಲ್ಕು ಸಲ ಕೆಚ್ಚಲಿಗೆ ಗುದ್ದಿದ ಮೇಲೆ ಬೊಳ್ಳಿ ಕಿವಿ ಸಡಿಲಿಸಿತು, ಚೊರ್ ಚೊರ್ ಎಂದು ಹಾಲು ಕ್ಯಾನಿಗೆ ಬಿತ್ತು. ಆ ಸದ್ದು ಕೇಳಿ ಶೀಲಾವತಿಗೆ ಅಳು ಬಂದಂತಾಯಿತು. ತಡೆದುಕೊಂಡಳು.

"ಮೊದಲು ನನ್ನದೇ ಇಡು," ಎಂದು ಕ್ಯಾನನ್ನು ಸುಪ್ರಿತಾಳ ಮೇಜಿನ ಮೇಲಿಟ್ಟಳು.

ಸುಪ್ರಿತಾ ಲೋಟಕ್ಕೆ ಹಾಲು ಹಾಕಿದಳು, ಪೈಪು ಅದ್ದಿದಳು. ಮೆಷಿನ್ ಗುಂಯ್ ಎಂದಿತು. ಕೆಂಪು ಅಂಕಿ ಬಂತು.

ಏಳು.

ಶೀಲಾವತಿ ಬಗ್ಗಿ ಅಂಕಿಯನ್ನು ಇನ್ನೊಮ್ಮೆ ನೋಡಿದಳು. ಆಗ ಅವಳ ಹಿಂದೆ ನಿಂತಿದ್ದ ಇಬ್ರಾಹಿಂ, ಎರಡು ದನ ಸಾಕಿಕೊಂಡು ಮೀನಿನ ಆಟೋ ಓಡಿಸುವವನು, ಬಾಯಿಬಿಟ್ಟ.

"ಅಲ್ಲ ಸೆಕ್ರೆಟ್ರಿಗಳೇ, ಬೊಳ್ಳಿಯ ಹೊಟ್ಟೆಯೊಳಗೇ ಬಾವಿ ಉಂಟಾ ಹೇಗೆ?"

ಈ ಸಲದ ನಗು ಬೇರೆ ಕಡೆಗೆ ತಿರುಗಿತ್ತು. ಜಯಪ್ರಕಾಶನ ನಗು ಮಾತ್ರ ಮಾಯವಾಯಿತು. "ಇನ್ನೊಮ್ಮೆ ಇಡು," ಎಂದ. ಸುಪ್ರಿತಾ ಅದೇ ಕ್ಯಾನಿನಿಂದ ಇನ್ನೊಂದು ಲೋಟ ಹಾಲು ತೆಗೆದು ಇಟ್ಟಳು. ಸೊನ್ನೆ. ಮತ್ತೊಮ್ಮೆ ಇಟ್ಟಳು. ಸೊನ್ನೆಯೇ.

ಸುಪ್ರಿತಾ ಪೈಪನ್ನು ಎತ್ತಿ ಅದರ ತುದಿಯನ್ನು ನೋಡಿದಳು. "ನಾನು ಬೆಳಿಗ್ಗೆ ಬಂದ ಕೂಡಲೇ ಪೈಪಿಗೆ ನೀರು ಎಳೆಸಿ ತೊಳೀತೇನೆ," ಎಂದಳು. "ಆ ನೀರು ಒಳಗೆ ಸ್ವಲ್ಪ ಉಳೀತದೆ ಕಾಣ್ತದೆ. ಮೊದಲು ಯಾರ ಹಾಲು ಇಟ್ರೂ ಅದಕ್ಕೆ ಸೇರ್ತದೆ." ಆಮೇಲೆ ಜಯಪ್ರಕಾಶನ ಕಡೆ ತಿರುಗಿ, "ನಾನು ಇಲ್ಲದ ವಾರ ನೀವು ತೊಳೀಲಿಲ್ವಾ?" ಎಂದಳು.

"ಅದು... ತೊಳೆಯುದು ಉಂಟಂತ ನಂಗೆ ಎಲ್ಲಿ ಗೊತ್ತು?"

ಸೋಮಾರಿಯ ಕೈಯಲ್ಲಿ ಸರಿ ಇದ್ದ ಮೆಷಿನ್ ಚೊಕ್ಕಟದವಳ ಕೈಯಲ್ಲಿ ಸುಳ್ಳು ಹೇಳಿತ್ತು. ಜಯಪ್ರಕಾಶ ಕೆನ್ನೆ ಕೆರೆದುಕೊಂಡು ಶೀಲಾವತಿಯ ಹತ್ತಿರ ಬಂದ. ಮುಖದ ಮೇಲೆ ಹಳೆಯ ನಗು ಮತ್ತೆ ಬಂದಿತ್ತು.

"ಆದದ್ದು ಆಯ್ತು ಶೀಲಕ್ಕ. ಇನ್ನು ಬೇಜಾರ ಮಾಡ್ಬೇಡಿ."

ಸಾಕಾಯಿತು! ಮೂರು ದಿನದಿಂದ ಕಟ್ಟಿಟ್ಟದ್ದೆಲ್ಲ ಒಡೆದು ಬಂತು.

"ಎಂತ ಆದದ್ದು? ತಾನಾಗಿ ಆಯ್ತಾ? ಮರದಿಂದ ತೆಂಗಿನಕಾಯಿ ಬಿದ್ದ ಹಾಗೆ ನನ್ನ ಮರ್ಯಾದೆ ಬಿತ್ತಾ? ನೀವು ತೆಗೆದದ್ದು ಅದನ್ನು! ಹದಿನೆಂಟು ಜನರ ಎದುರು ನಿಂತು ತೆಗೆದದ್ದು! ನೀರು ಅಂತ ಹೇಳುವಾಗ ಸ್ವರ ಎಷ್ಟು ಜೋರಿತ್ತು, ಈಗ ಆ ಸ್ವರಕ್ಕೆ ಎಂತ ರೋಗ ಬಂತು? ನನ್ನ ಮಗಳು ಬೀಗರ ಮನೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಾಳೆ. ಬೇಜಾರ ಮಾಡ್ಬೇಡಿ ಅಂತೆ! ನಾನು ಮಾಡ್ತೇನೆ, ಬಿಡ್ತೇನೆ, ಅದು ನನ್ನ ಇಷ್ಟ. ನೀವು ಮಾಡಿದ್ದು ಎಂತ ಅಂತ ನೀವು ಹೇಳಿ. ಇದೇ ಮೆಟ್ಟಿಲ ಮೇಲೆ ನಿಂತು, ಇದೇ ಸಾಲಿನ ಎದುರು ಹೇಳಿ. ಅಲ್ಲಿವರೆಗೆ ಈ ದನವೂ ಹೋಗುದಿಲ್ಲ, ನಾನೂ ಹೋಗುದಿಲ್ಲ!"

ಬೊಳ್ಳಿ ಆಗಲೇ ಸೊಸೈಟಿಯ ಅಂಗಳದಲ್ಲಿ ತನ್ನ ಸಹಿ ಹಾಕಿಬಿಟ್ಟಿತ್ತು. ಜಯಪ್ರಕಾಶ ಅದನ್ನು ನೋಡಿದ, ಸಾಲನ್ನು ನೋಡಿದ, ಮೆಟ್ಟಿಲು ಹತ್ತಿದ.

"ಶೀಲಾವತಿಯಕ್ಕನ ಹಾಲಿನಲ್ಲಿ ನೀರು ಇರಲಿಲ್ಲ," ಎಂದ. "ತಪ್ಪು ನಮ್ಮದು. ನಾವು ಅವರನ್ನು ಎಲ್ಲರ ಎದುರು ಅವಮಾನ ಮಾಡಿದೆವು."

"ಇದನ್ನೇ ಗುಂಪಿನಲ್ಲಿ ಹಾಕಿ. ಕೈ ಮುಗಿದ ಚಿತ್ರ ಬೇಡ."

ಹಾಕಿದ. ಸಾಲಿನಲ್ಲಿದ್ದವರ ಜೇಬುಗಳೆಲ್ಲ ಒಟ್ಟಿಗೆ ಟಿಣ್ ಎಂದವು. ಶೀಲಾವತಿ ಹಗ್ಗ ಬಿಚ್ಚಿದಳು. ಅಬ್ಬಾ, ಏನು ಸುಖ ಅದು! ಮೂರು ದಿನದ ಮೇಲೆ ಸರಿಯಾಗಿ ಉಸಿರಾಡಿದಂತಾಯಿತು. ಮಗಳಿಗೆ ಫೋನ್ ಮಾಡಿ 'ನಿನ್ನ ಅತ್ತೆಗೆ ಓದಿ ಹೇಳು' ಎನ್ನಬೇಕು ಎಂದುಕೊಳ್ಳುತ್ತಿದ್ದಾಗ ಇಬ್ರಾಹಿಂ, ಯಾರನ್ನೂ ನೋಡದೆ, ತನ್ನ ಕ್ಯಾನನ್ನೇ ನೋಡುತ್ತಾ ಕೇಳಿದ.

"ಹಾಗಾದ್ರೆ ಡೊಂಬಯ್ಯಣ್ಣನ ಹಾಲು?"

ಮೊದಲ ಜಾಗ, ಮೊದಲ ಲೋಟ. ಲೆಕ್ಕ ಯಾರಿಗೂ ಕಷ್ಟದ್ದಾಗಿರಲಿಲ್ಲ. ಒಬ್ಬೊಬ್ಬರಾಗಿ ತಿರುಗಿ ಶೀಲಾವತಿಯನ್ನು ನೋಡಿದರು.

"ನನ್ನನ್ನು ಎಂತಕೆ ನೋಡುದು?" ಅವಳ ಸ್ವರ ಇನ್ನೂ ಗಡುಸಾಗಿಯೇ ಇತ್ತು. "ಸುಪ್ರಿತಾ, ನೀನೇ ಹೋಗಿ ಹೇಳು ಅವರಿಗೆ. ನೀನಲ್ವಾ ನೀರು ಅಂತ ಹೇಳಿದ್ದು?"

"ಹೋಗ್ತೇನೆ ಶೀಲಕ್ಕ. ಇವತ್ತೇ ಹೋಗ್ತೇನೆ." ಸುಪ್ರಿತಾಳ ಕಣ್ಣಲ್ಲಿ ನೀರಿತ್ತು, ಆದರೆ ಮಾತಿನಲ್ಲಿ ಬೆಂಕಿಯಿತ್ತು. "ನೀರು ಅಂತ ಹೇಳಿದ್ದು ನಾನು. ಬಾವಿಯನ್ನೂ ಕರೀತೀರಾ ಅಂತ ಕೇಳಿದ್ದು ನೀವು."

ಹೌದು. ಆ ಮಾತು ಹುಟ್ಟಿದ್ದು ಶೀಲಾವತಿಯ ಬಾಯಲ್ಲೇ. ಡೊಂಬಯ್ಯನವರ ಹಾಲು ಎರಡನೆಯ ದಿನ ವಾಪಸಾದಾಗ ಅವರ ಬೆನ್ನ ಹಿಂದೆಯೇ ನಿಂತು ಅವಳು ಅದನ್ನು ಹೇಳಿದ್ದಳು, ಸಾಲೆಲ್ಲ ಬಿದ್ದು ಬಿದ್ದು ನಕ್ಕಿತ್ತು, ಅವಳಿಗೆ ಹೆಮ್ಮೆಯೂ ಆಗಿತ್ತು. ಮುದುಕರು ಒಮ್ಮೆ ತಿರುಗಿ ನೋಡಿದ್ದರು. ಆಗ ಅವಳು ನಗುತ್ತಲೇ ಇನ್ನೂ ಒಂದು ಮಾತು ಸೇರಿಸಿದ್ದಳು: "ತಮಾಷೆಗೆ ಹೇಳಿದ್ದು ಡೊಂಬಯ್ಯಣ್ಣ, ಬೇಜಾರ ಮಾಡ್ಬೇಡಿ." ಬುಧವಾರ ತನ್ನ ಬೆನ್ನಿಗೆ ಬಂದು ಬಿದ್ದದ್ದು ತನ್ನದೇ ತಮಾಷೆ ಎಂದು ಸಿಟ್ಟಿನ ಭರದಲ್ಲಿ ಹೊಳೆದಿರಲಿಲ್ಲ.

ಮನೆಗೆ ಬಂದು ಅವಳು ಕಂಡಕಂಡದ್ದರ ಮೇಲೆ ಹಾರಾಡಿದಳು. ಪಾತ್ರೆ ಕುಕ್ಕಿದಳು, ಬೆಳ್ಯಪ್ಪನಿಗೆ ಬೈದಳು, ಇಬ್ರಾಹಿಮನಿಗೆ ಬೈದಳು, ಮೆಷಿನ್ ಕಂಡುಹಿಡಿದವನ ವಂಶಕ್ಕೆ ಬೈದಳು. ಎಲ್ಲರಿಗೂ ಬೈದು ಮುಗಿದ ಮೇಲೂ ಸಿಟ್ಟು ಹಾಗೇ ಇತ್ತು. ಇನ್ನು ಯಾರ ಮೇಲೆ ಎಂದು ನೋಡಿದರೆ ಉಳಿದವಳು ತಾನೊಬ್ಬಳೇ. ಮೂರು ಗಂಟೆಗೆ ಚಪ್ಪಲಿ ಮೆಟ್ಟಿ ಹೊರಟಳು.

ಡೊಂಬಯ್ಯನವರು ಅಂಗಳದಲ್ಲಿ ಕೂತು ಸೋಗೆ ಹೆಣೆಯುತ್ತಿದ್ದರು. ಪಕ್ಕದಲ್ಲಿ ಹಟ್ಟಿ. ಗೂಟ ಇತ್ತು, ಹಗ್ಗ ಇತ್ತು, ದನ ಇರಲಿಲ್ಲ. ಅವರ ಹೆಂಡತಿ ಮೋಹಿನಿ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಈ ಊರಿನಲ್ಲಿ ಯಾರೇ ಮನೆಗೆ ಬರಲಿ, ಮೊದಲು ಒಂದು ಚೊಂಬು ನೀರು, ಜೊತೆಗೆ ಒಂದು ತುಂಡು ಬೆಲ್ಲ. ಕೋರ್ಟಿನಲ್ಲಿ ಎದುರಾಳಿಯಾದವನು ಬಂದರೂ ಅಷ್ಟು ಕೊಟ್ಟೇ ಮಾತು. ಮೋಹಿನಿ ಚೊಂಬು ತಂದು ಜಗಲಿಯ ತುದಿಯಲ್ಲಿಟ್ಟಳು. ಬೆಲ್ಲ ತರಲಿಲ್ಲ.

"ಕುಡೀರಿ," ಎಂದಳು. "ನಮ್ಮ ಬಾವಿಯದ್ದೇ."

ಶೀಲಾವತಿ ಚೊಂಬು ಎತ್ತಿ ಕುಡಿದಳು. ಒಂದು ತೊಟ್ಟೂ ಉಳಿಸಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ.

"ಡೊಂಬಯ್ಯಣ್ಣ, ಸುಪ್ರಿತಾ ಬಂದಿದ್ಳಾ? ಮೆಷಿನ್‌ದೇ ತಪ್ಪು ಅಂತ ಗೊತ್ತಾಯ್ತು. ಆ ದಿನ ನಾನು ಎಂತದೋ ಹೇಳಿದೆ... ನೀವು ಬೇಜಾರ ಮಾಡ್ಬೇಡಿ."

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಥತ್! ಬೆಳಿಗ್ಗೆ ಇದೇ ಮಾತಿಗೆ ಊರೆಲ್ಲ ಒಂದು ಮಾಡಿದವಳು ತಾನು. ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸಿತು.

ಡೊಂಬಯ್ಯನವರು ಸೋಗೆ ಕೆಳಗಿಟ್ಟರು. "ದನ ಕೊಟ್ಟಾಯ್ತು," ಎಂದರು. "ಕರು ಸಮೇತ. ಸೋಮವಾರ ನೆಟ್ಟಣದವರು ಬಂದು ಕೊಂಡೋದ್ರು. ಎರಡು ದಿನ ವಾಪಸ್ ತಂದ ಹಾಲನ್ನು ಇವಳು ಎಂತ ಮಾಡಿದಳು ಗೊತ್ತುಂಟಾ? ತೆಂಗಿನ ಬುಡಕ್ಕೆ ಚೆಲ್ಲಿದಳು. ಕುಡೀಲಿಕ್ಕೆ ಮನಸ್ಸಾಗ್ಲಿಲ್ಲ. ಮನೆಯವರಿಗೇ ಬೇಡವಾದ ಮೇಲೆ ಆ ದನವನ್ನು ಕಟ್ಟಿಕೊಂಡು ಎಂತ ಮಾಡುದು?"

ಅವರ ಸ್ವರ ಏರಲಿಲ್ಲ. ಏರಿದ್ದರೆ ಶೀಲಾವತಿಗೆ ಸುಲಭವಾಗುತ್ತಿತ್ತು, ಜಗಳ ಅವಳಿಗೆ ಗೊತ್ತಿದ್ದ ವಿದ್ಯೆ.

"ನಾನು ನಿಮ್ಮನ್ನು ಅವಮಾನ ಮಾಡಿದೆ ಡೊಂಬಯ್ಯಣ್ಣ," ಎಂದಳು. "ಬಾಯಿ ತಪ್ಪಿ ಬಂದದ್ದಲ್ಲ. ಗೊತ್ತಿದ್ದೇ ಹೇಳಿದ್ದು. ನಾಲ್ಕು ಜನ ನಗ್ಲಿ ಅಂತ ಹೇಳಿದ್ದು."

"ಅದು ನನಗೆ ಗೊತ್ತುಂಟು." ಮುದುಕರು ಸೋಗೆಯನ್ನು ಮತ್ತೆ ಕೈಗೆತ್ತಿಕೊಂಡರು. "ಗೊತ್ತಿದ್ದವನಿಗೆ ಬಂದು ಎಂತಕೆ ಹೇಳುದು? ಗೊತ್ತಿಲ್ಲದವರು ಅಲ್ಲಿ ಸಾಲಿನಲ್ಲಿ ಇದ್ದಾರೆ."

ಮೋಹಿನಿ ಬಂದು ಅವಳ ಕೈಯಿಂದ ಖಾಲಿ ಚೊಂಬನ್ನು ತೆಗೆದುಕೊಂಡು ಹೋದಳು.

ಶನಿವಾರ ಬೆಳಿಗ್ಗೆ ಶೀಲಾವತಿ ಹಾಲಿನ ಕ್ಯಾನ್ ಹಿಡಿದು ಸೊಸೈಟಿಗೆ ಬಂದಾಗ ಮೆಟ್ಟಿಲ ಮೇಲೆ ಡೊಂಬಯ್ಯನವರು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಕ್ಕದಲ್ಲಿ ತಮ್ಮ ಹಳೆಯ ಕ್ಯಾನ್, ತೊಳೆದು ಫಳಫಳ ಎನ್ನುವಂಥದ್ದು, ಖಾಲಿ. ಅವರು ಅವಳನ್ನು ನೋಡಲಿಲ್ಲ. ಸಾಲು ಬೆಳೆಯಿತು. ಇಬ್ರಾಹಿಂ ಬಂದ, ಜಯಪ್ರಕಾಶ ಬಂದ, ಸುಪ್ರಿತಾ ಪೈಪು ತೊಳೆದು, ಒಳಗೆ ಉಳಿದ ನೀರು ಹೋಗಲೆಂದು ಸೊಸೈಟಿಯದ್ದೇ ಒಂದು ಲೋಟ ಹಾಲು ಎಳೆಸಿ ಬಕೆಟ್ಟಿಗೆ ಚೆಲ್ಲಿದಳು.

ಶೀಲಾವತಿ ಮೆಟ್ಟಿಲು ಹತ್ತಿ ಸಾಲಿನ ಕಡೆ ತಿರುಗಿದಳು. ನಿನ್ನೆ ಇದೇ ಜಾಗದಲ್ಲಿ ನಿಂತು ಮಾತಾಡುವುದು ಜಯಪ್ರಕಾಶನಿಗೆ ಎಷ್ಟು ಕಷ್ಟವಾಗಿರಬೇಕು ಎಂದು ಮೊದಲ ಸಲ ಅನಿಸಿತು. ಅನಿಸಿದ್ದಕ್ಕೂ ಸಿಟ್ಟು ಬಂತು.

"ಎಲ್ಲರೂ ಕೇಳಿ," ಎಂದಳು. "ಡೊಂಬಯ್ಯಣ್ಣನ ಹಾಲಿನಲ್ಲಿ ನೀರಿರಲಿಲ್ಲ. ಬಾವಿಯನ್ನೂ ಕರೀತೀರಾ ಅಂತ ಇವರನ್ನು ಕೇಳಿದ್ದು ನಾನು. ನಿಮ್ಮನ್ನೆಲ್ಲ ನಗಿಸ್ಲಿಕ್ಕೆ ಇವರ ಮರ್ಯಾದೆ ತೆಗೆದದ್ದು ನಾನು. ಇವರ ಹಟ್ಟಿಯಲ್ಲಿ ಈಗ ದನ ಇಲ್ಲ. ಅದಕ್ಕೂ ನಾನೇ ಕಾರಣ."

ಅಂದು ನಕ್ಕವರೆಲ್ಲ ತಂತಮ್ಮ ಕ್ಯಾನಿನ ಮುಚ್ಚಳ ನೋಡುತ್ತಿದ್ದರು. ಡೊಂಬಯ್ಯನವರು ಮೊಣಕಾಲಿಗೆ ಕೈಕೊಟ್ಟು ನಿಧಾನ ಎದ್ದರು.

"ಕೇಳಿತು," ಎಂದರು.

ಅಷ್ಟೇ. ಪರವಾಗಿಲ್ಲ ಎನ್ನಲಿಲ್ಲ, ಬೇಜಾರಿಲ್ಲ ಎನ್ನಲಿಲ್ಲ. ಖಾಲಿ ಕ್ಯಾನ್ ಎತ್ತಿಕೊಂಡು ಮೆಟ್ಟಿಲಿಳಿದು ರಸ್ತೆಗೆ ಹೋದರು. ಮುಚ್ಚಳ ಸಡಿಲವಿತ್ತು, ಹೆಜ್ಜೆಗೊಮ್ಮೆ ಕಟಕ್ ಎನ್ನುತ್ತಿತ್ತು. ಅವರ ಬೆನ್ನನ್ನು ನೋಡುತ್ತಾ ನಿಂತ ಶೀಲಾವತಿಗೆ ಆ ಹಾಳು ಮಾತು ಮತ್ತೆ ನಾಲಗೆಯ ತುದಿಗೆ ಬಂತು. ಕೂಗಿ ಹೇಳಿಬಿಟ್ಟರೆ ಎದೆ ಹಗುರವಾದೀತು ಅನಿಸಿತು. ಹಲ್ಲು ಕಚ್ಚಿ ನುಂಗಿದಳು.

"ಶೀಲಕ್ಕ, ಮೊದಲು ನಿಮ್ಮದಲ್ವಾ? ತನ್ನಿ," ಎಂದಳು ಸುಪ್ರಿತಾ.

"ತಾಳು," ಎಂದಳು ಶೀಲಾವತಿ. "ಅವರು ತಿರುವು ದಾಟಲಿ."